ಪೈಪೋಟಿಗೂ ಸೈ, ಪಂಕ್ಚರ್‌ಗೂ ಸೈ

ಸೈಕಲ್ ತುಳಿಯುವವರ ಲೋಕದಲ್ಲಿ ಒಂದು ವಿಚಿತ್ರ ನಿಯಮವಿದೆ. ಅದನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ಯಾರಿಗೂ ಹೇಳಿಕೊಡುವುದೂ ಇಲ್ಲ. ನಿಮ್ಮ ಪಾಡಿಗೆ ನೀವು ರಸ್ತೆಯಲ್ಲಿ ಹೋಗುತ್ತಿರುತ್ತೀರಿ. ಹಿಂದಿನಿಂದ ಒಬ್ಬರು ಬಂದು, ಒಂದು ನಗೆ ಬೀರಿ, ನಿಮ್ಮನ್ನು ದಾಟಿ ಮುಂದೆ ಹೋಗುತ್ತಾರೆ. ಅಷ್ಟೇ. ರೇಸ್ ಎಂಬ ಮಾತೇ ಬಂದಿರುವುದಿಲ್ಲ. ಆದರೂ ನಿಮ್ಮ ಕಾಲು ನಿಮ್ಮನ್ನು ಕೇಳದೆಯೇ ಬಿರುಸಾಗುತ್ತದೆ. ಮುಂದೆ ಹೋದವರಿಗೂ ಅದು ಗೊತ್ತು. ಹಿಂತಿರುಗಿ ನೋಡದೆಯೇ ಅವರೂ ಒಂದು ಗೇರ್ ಬದಲಿಸುತ್ತಾರೆ. ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಆದರೂ ಮುಂದಿನ ಊರಿನ ಟೀ ಅಂಗಡಿ ಬರುವ ತನಕ ಇಬ್ಬರೂ ಬೆವರು ಸುರಿಸಿ ತುಳಿಯುತ್ತಾರೆ.

ಈ ನಿಯಮಕ್ಕೆ ಎರಡನೇ ಭಾಗವೊಂದಿದೆ. ಅದೇ ಅಪರಿಚಿತರ ಟೈರ್ ‘ಟುಸ್’ ಎಂದು ಕುಳಿತರೆ, ಹಿಂದಿದ್ದ ನೀವು “ಸದ್ಯ, ಗೆದ್ದೆ” ಎಂದು ಮುಂದೆ ಹೋಗುವ ಹಾಗಿಲ್ಲ. ನಿಲ್ಲಬೇಕು. ನಿಲ್ಲಲು ಆಗದಿದ್ದರೆ ವೇಗ ತಗ್ಗಿಸಿ, “ಎಲ್ಲ ಸರಿ ಇದೆಯಾ? ಪಂಪು ಇದೆಯಾ?” ಎಂದಾದರೂ ಕೇಳಬೇಕು. ಒಂದು ನಿಮಿಷದ ಹಿಂದೆ ಯಾರನ್ನು ಸೋಲಿಸಲು ಒದ್ದಾಡುತ್ತಿದ್ದೆವೋ ಅವರ ಚಕ್ರವನ್ನೇ ಬಿಚ್ಚಿ ಹಿಡಿದು ರಸ್ತೆ ಬದಿಯ ಹುಲ್ಲಿನ ಮೇಲೆ ಕುಕ್ಕರಗಾಲಿನಲ್ಲಿ ಕೂರಬೇಕು.

ಮೈಸೂರಿನಲ್ಲಿ ಲೆಕ್ಕಪತ್ರದ ಕೆಲಸ ಮಾಡುವ ನಾನು ಹನ್ನೊಂದು ವರ್ಷಗಳಿಂದ ಬೆಳಗಿನ ಹೊತ್ತು ಸೈಕಲ್ ತುಳಿಯುತ್ತಿದ್ದೇನೆ. ಪೈಪೋಟಿ ಮತ್ತು ಸಹಾಯ ಇಷ್ಟು ಹತ್ತಿರ ಹತ್ತಿರ ಕೂತಿರುವ ಇನ್ನೊಂದು ಜಾಗವನ್ನು ನಾನು ನೋಡಿಲ್ಲ.

ಬೆಟ್ಟದ ಮೇಲೊಬ್ಬ ಎದುರಾಳಿ

ನಮ್ಮೂರಿನ ಸೈಕಲ್ ಸವಾರರಿಗೆ ಚಾಮುಂಡಿ ಬೆಟ್ಟವೇ ಪಾಠಶಾಲೆ. ಸಾವಿರ ಮೆಟ್ಟಿಲು ಹತ್ತುವವರು ಒಂದು ಕಡೆಯಿಂದ ಹತ್ತಿದರೆ ನಾವು ಡಾಂಬರು ರಸ್ತೆಯಲ್ಲಿ ಸುತ್ತಿ ಸುತ್ತಿ ಹತ್ತುತ್ತೇವೆ. ಬೆಳಗಿನ ಆರು ಗಂಟೆಗೆ ಅಲ್ಲಿ ಹತ್ತು ಹದಿನೈದು ಸೈಕಲ್ಲುಗಳು ಕಾಣುತ್ತವೆ. ಕಾಲೇಜು ಹುಡುಗರು, ಡಾಕ್ಟರು, ತರಕಾರಿ ಅಂಗಡಿಯವರು, ತಂದೆಯ ಹಿಂದೆ ಏದುಸಿರು ಬಿಡುತ್ತಾ ಬರುವ ಹತ್ತು ವರ್ಷದ ಹುಡುಗಿ, ಹೀಗೆ ಎಲ್ಲರೂ ಇರುತ್ತಾರೆ.

ಅವರಲ್ಲೊಬ್ಬರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ನಾನು ಅವರನ್ನು ಮೊದಲು ಕಂಡಾಗ ಅವರಿಗೆ ಐವತ್ತೆಂಟು, ನನಗೆ ಮೂವತ್ತೇಳು. ಅವರದು ಹಳೆಯ ಉಕ್ಕಿನ ಫ್ರೇಮಿನ ಗೇರ್ ಸೈಕಲ್, ನನ್ನದು ಅದರ ಮೂರು ಪಟ್ಟು ಬೆಲೆಯದು. ಆ ದಿನ ಅವರು ನನ್ನನ್ನು ಒಂದು ತಿರುವಿನಲ್ಲಿ ದಾಟಿ ಹೋದವರು ಮೇಲೆ ದೇವಸ್ಥಾನದ ಹತ್ತಿರ ಕಾದು ನಿಂತಿದ್ದರು. “ಬಾರಯ್ಯ, ಕಾಫಿ ಆರಿ ಹೋಗ್ತಾ ಇದೆ” ಎಂದರು. ಅವರು ಕಾಫಿ ತರಿಸಿದ್ದು ಇಬ್ಬರಿಗೂ!

ಅಂದಿನಿಂದ ನಮ್ಮಿಬ್ಬರ ನಡುವೆ ಲೆಕ್ಕ ಇಡುವ ಪೈಪೋಟಿ ಶುರುವಾಯಿತು. ಅವರು ಬೆಟ್ಟ ಹತ್ತುವ ಸಮಯವನ್ನು ಒಂದು ಪುಟ್ಟ ಡೈರಿಯಲ್ಲಿ ಸೀಸದ ಕಡ್ಡಿಯಿಂದ ಬರೆಯುತ್ತಿದ್ದರು. ನನ್ನದನ್ನೂ ಪಕ್ಕದಲ್ಲೇ ಬರೆಯುತ್ತಿದ್ದರು. ನಾನು ಅವರಿಗಿಂತ ಮೊದಲು ತಲುಪಿದ ದಿನ ಡೈರಿಯಲ್ಲಿ ಒಂದು ಪುಟ್ಟ ನಕ್ಷತ್ರ ಬರೆದು, “ನೋಡು, ಇವತ್ತು ನಿನಗೆ ಗಾಳಿ ಅನುಕೂಲ ಇತ್ತು” ಎನ್ನುವರು. ಆದರೆ ನನ್ನ ಸೀಟು ಒಂದು ಬೆರಳು ತಗ್ಗಾಗಿದೆ ಎಂದು ತೋರಿಸಿ, ಎತ್ತರಿಸಿ ಕೊಟ್ಟವರೂ ಅವರೇ. ಸೀಟು ಎತ್ತರವಾದ ವಾರವೇ ನಾನು ಅವರನ್ನು ಎರಡು ಸಲ ಸೋಲಿಸಿದೆ. ಗೆಲ್ಲುವ ಗುಟ್ಟನ್ನು ಎದುರಾಳಿಗೇ ಹೇಳಿಕೊಡುವುದು ಯಾವ ಜಾಣತನ ಎಂದು ನನ್ನ ಹೆಂಡತಿ ನಕ್ಕಿದ್ದಳು.

ಗಾಳಿ ಹೇಳಿಕೊಡುವ ಲೆಕ್ಕ

ಇದು ಬರೀ ಒಳ್ಳೆಯ ಮನಸ್ಸಿನ ಮಾತಲ್ಲ, ಇದರ ಹಿಂದೆ ವಿಜ್ಞಾನವೂ ಇದೆ. ಮಕ್ಕಳು ಇದನ್ನು ಗಮನವಿಟ್ಟು ಓದಬೇಕು.

ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದೀರಿ ಎಂದುಕೊಳ್ಳಿ. ನಿಮ್ಮ ಶ್ರಮದ ಬಹುಪಾಲು ಖರ್ಚಾಗುವುದು ಚಕ್ರ ಉರುಳಿಸುವುದಕ್ಕಲ್ಲ, ಎದುರಿನ ಗಾಳಿಯನ್ನು ಸೀಳುವುದಕ್ಕೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಆ ತಡೆಯನ್ನು ಗೆಲ್ಲಲು ಪ್ರತಿ ಕ್ಷಣ ಬೇಕಾಗುವ ಶಕ್ತಿ ಎಂಟು ಪಟ್ಟಾಗುತ್ತದೆ. ಅದಕ್ಕೇ ಸ್ವಲ್ಪ ವೇಗ ಹೆಚ್ಚಿಸಿದರೂ ಉಸಿರು ಕಟ್ಟುತ್ತದೆ.

ಈಗ ನಿಮ್ಮ ಮುಂದೆ ಇನ್ನೊಬ್ಬರು ಹೋಗುತ್ತಿದ್ದಾರೆ, ಅವರ ಹಿಂದಿನ ಚಕ್ರಕ್ಕೆ ಹತ್ತಿರದಲ್ಲಿ ನೀವು ಇದ್ದೀರಿ. ಗಾಳಿಯನ್ನು ಸೀಳುವ ಕಷ್ಟ ಅವರದು. ಅವರ ಬೆನ್ನ ಹಿಂದೆ ನಿಮಗೊಂದು ನೆಮ್ಮದಿಯ ಪೊಟರೆ ಸಿಗುತ್ತದೆ. ಅಲ್ಲಿ ಕುಳಿತು ಅದೇ ವೇಗದಲ್ಲಿ ಹೋಗಲು ಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಶ್ರಮ ಉಳಿಯುತ್ತದೆ. ಸೈಕಲ್ ಭಾಷೆಯಲ್ಲಿ ಇದಕ್ಕೆ ‘ಡ್ರಾಫ್ಟಿಂಗ್’ ಎನ್ನುತ್ತಾರೆ. ಸ್ವಾರಸ್ಯವೆಂದರೆ, ಹಿಂದೆ ಒಬ್ಬರಿದ್ದರೆ ಮುಂದಿನವರಿಗೂ ಅಲ್ಪಸ್ವಲ್ಪ ಲಾಭವಾಗುತ್ತದೆ. ಮುಂದಿನವರ ಬೆನ್ನ ಹಿಂದೆ ಏಳುವ ಗಾಳಿಯ ಸುಳಿ ತಗ್ಗುತ್ತದೆ.

ಸದಾ ಮುಂದಿರುವವರು ಬೇಗ ಸುಸ್ತಾಗುತ್ತಾರೆ. ಆದ್ದರಿಂದ ಸ್ವಲ್ಪ ದೂರ ನಾನು, ಸ್ವಲ್ಪ ದೂರ ನೀನು ಎಂದು ಸರದಿ ಹಾಕಿಕೊಳ್ಳಬೇಕು. ಹೀಗೆ ಸರದಿಯಲ್ಲಿ ಹೋಗುವ ಇಬ್ಬರು ಎದುರಾಳಿಗಳು ಒಬ್ಬಂಟಿಯಾಗಿ ಹೋಗುವ ಗಟ್ಟಿಗನನ್ನೂ ಹಿಂದಿಕ್ಕಬಲ್ಲರು. ಹಾಗಾಗಿ ಸೈಕಲ್ ಓಟದಲ್ಲಿ ನೀವು ಯಾರನ್ನು ಸೋಲಿಸಬೇಕೋ ಅವರ ಬೆನ್ನೇ ನಿಮಗೆ ಆಸರೆ.

ಬೆನ್ನ ಹಿಂದೆ ಇರುವವರಿಗೆ ರಸ್ತೆ ಕಾಣುವುದಿಲ್ಲ. ಆದ್ದರಿಂದ ಮುಂದಿನವರೇ ಅವರ ಕಣ್ಣಾಗಬೇಕು. ಗುಂಡಿ ಬಂದರೆ ಕೆಳಗೆ ಬೆರಳು ತೋರಿಸುತ್ತಾರೆ. ನಿಂತ ವಾಹನ ಅಡ್ಡ ಬಂದರೆ ಬೆನ್ನ ಹಿಂದೆ ಕೈ ಬೀಸಿ, ಯಾವ ಕಡೆ ಸರಿಯಬೇಕೆಂದು ಸೂಚಿಸುತ್ತಾರೆ. “ಹಂಪು!”, “ಹಳ್ಳ!”, “ಹಿಂದೆ ಲಾರಿ!” ಎಂದು ಕೂಗುತ್ತಾರೆ. ನಿಮ್ಮನ್ನು ಸೋಲಿಸಲು ಹೊರಟವರೇ ನಿಮ್ಮನ್ನು ಗುಂಡಿಯಿಂದ ಕಾಯುತ್ತಾ ಹೋಗುವ ಆಟ ಇದು.

ಮೊದಲ ಸ್ಥಾನವೇ ಇಲ್ಲದ ಸವಾರಿ

ಸೈಕಲ್ ಸವಾರರಲ್ಲಿ ‘ಬ್ರೆವೆ’ ಎಂಬ ದೂರದ ಸವಾರಿಯ ಪದ್ಧತಿ ಇದೆ. ಇದು ಫ್ರಾನ್ಸ್‌ನಿಂದ ಬಂದದ್ದು. 200 ಕಿಲೋಮೀಟರ್ ದೂರವನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು. 300ಕ್ಕೆ 20 ಗಂಟೆ, 400ಕ್ಕೆ 27 ಗಂಟೆ, 600ಕ್ಕೆ 40 ಗಂಟೆ. ಒಂದೇ ಋತುವಿನಲ್ಲಿ ಈ ನಾಲ್ಕನ್ನೂ ಮುಗಿಸಿದವರಿಗೆ ‘ಸೂಪರ್ ರಾಂಡೊನರ್’ ಎಂಬ ಗೌರವ. ಈ ಸವಾರಿಗಳ ತಾಯಿಬೇರು ಪ್ಯಾರಿಸ್‌ನಿಂದ ಬ್ರೆಸ್ಟ್ ಎಂಬ ಕಡಲತೀರದ ಊರಿಗೆ ಹೋಗಿ ಮರಳುವ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್. 1891ರಲ್ಲಿ ಓಟದ ಸ್ಪರ್ಧೆಯಾಗಿ ಶುರುವಾದ ಅದು ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುವ 1200 ಕಿಲೋಮೀಟರ್‌ಗಳ ಸವಾರಿ. ಅದಕ್ಕೆ ಗರಿಷ್ಠ ಗಡುವು 90 ಗಂಟೆ. 2019 ಮತ್ತು 2023ರಲ್ಲಿ ನಮ್ಮ ದೇಶದಿಂದಲೂ ನೂರಾರು ಮಂದಿ ಹೋಗಿ ತುಳಿದು ಬಂದರು.

ಬ್ರೆವೆಯಲ್ಲಿ ಮೊದಲ ಸ್ಥಾನ, ಎರಡನೇ ಸ್ಥಾನ ಎಂಬುದಿಲ್ಲ. ಎಂಟು ಗಂಟೆಯಲ್ಲಿ ಮುಗಿಸಿದವರೂ ಹದಿಮೂರು ಗಂಟೆಯಲ್ಲಿ ಮುಗಿಸಿದವರೂ ಒಂದೇ. ಆದರೆ ಗಡುವು ಮಾತ್ರ ಕಟ್ಟುನಿಟ್ಟು. ದಾರಿಯಲ್ಲಿ ‘ಕಂಟ್ರೋಲ್’ ಎಂಬ ತಪಾಸಣಾ ಜಾಗಗಳಿರುತ್ತವೆ. ಅಲ್ಲಿ ಸಮಯಕ್ಕೆ ಸರಿಯಾಗಿ ಕಾರ್ಡಿಗೆ ಮುದ್ರೆ ಬೀಳಬೇಕು. ಮನೆಯವರು ಕಾರಿನಲ್ಲಿ ಹಿಂದೆ ಹಿಂದೆ ಬಂದು ನೀರು, ಟೈರು ಕೊಡುವಂತಿಲ್ಲ. ಸವಾರರು ಒಬ್ಬರಿಗೊಬ್ಬರು ಸಹಾಯ ಮಾಡಬಹುದು. ಆದರೆ ಸಹಾಯಕ್ಕೆ ನಿಂತವರ ಗಡಿಯಾರವೂ ಓಡುತ್ತಲೇ ಇರುತ್ತದೆ.

ಅದರ ಬೆಲೆ ಏನೆಂದು ನನಗೆ ತಿಳಿದದ್ದು ಒಂದು ಆಷಾಢದಲ್ಲಿ. ಮೇಷ್ಟ್ರೂ ನಾನೂ 200 ಕಿಲೋಮೀಟರ್ ಬ್ರೆವೆಗೆ ಹೆಸರು ಕೊಟ್ಟಿದ್ದೆವು. ಆಗ ಅವರಿಗೆ ಅರವತ್ತೊಂದು. ಹಿಂದಿನ ವರ್ಷ ಅವರು ಹತ್ತು ನಿಮಿಷ ತಡವಾಗಿ ತಲುಪಿದ್ದರಿಂದ ಪದಕ ತಪ್ಪಿಹೋಗಿತ್ತು. ಈ ಸಲ ಪದಕವನ್ನು ಮೊಮ್ಮಗಳ ಕುತ್ತಿಗೆಗೆ ಹಾಕುತ್ತೇನೆಂದು ಮಾತು ಕೊಟ್ಟು ಬಂದಿದ್ದರು.

ಬೆಳಗಿನ ಆರಕ್ಕೆ ಮೈಸೂರು ಬಿಟ್ಟೆವು. ತಿ. ನರಸೀಪುರ, ಕೊಳ್ಳೇಗಾಲ, ಚಾಮರಾಜನಗರ, ಗುಂಡ್ಲುಪೇಟೆ, ನಂಜನಗೂಡು, ಮತ್ತೆ ಮೈಸೂರು. ಸಂಜೆ ಏಳೂವರೆಗೆ ಗಡುವು. ಕೊಳ್ಳೇಗಾಲದವರೆಗೆ ನಗುನಗುತ್ತಾ ಬಂದೆವು. ಚಾಮರಾಜನಗರದಿಂದ ಗುಂಡ್ಲುಪೇಟೆಯ ಕಡೆ ತಿರುಗಿದ್ದೇ ತಡ, ಆಷಾಢದ ಗಾಳಿ ಎದೆಗೇ ಬಂದು ಬಡಿಯಿತು. ಇಳಿಜಾರಿನಲ್ಲೂ ತುಳಿಯಬೇಕಾದಂಥ ಗಾಳಿ ಅದು. ಎಲ್ಲರೂ ಹಿಂದೆ ಬಿದ್ದರು. ಗುಂಡ್ಲುಪೇಟೆಯ ಕಂಟ್ರೋಲ್‌ನಿಂದ ನಾನು ಮೇಷ್ಟ್ರಿಗಿಂತ ಹತ್ತು ನಿಮಿಷ ಮೊದಲು ಹೊರಟೆ. “ನಂಜನಗೂಡಿನಲ್ಲಿ ನಿನ್ನ ಹಿಡೀತೀನಿ, ನೋಡ್ತಿರು” ಎಂದು ಅವರು ಬಾಳೆಹಣ್ಣು ಸುಲಿಯುತ್ತಾ ಕೂಗಿದರು.

ನಂಜನಗೂಡಿಗೆ ಇನ್ನು ಹನ್ನೆರಡು ಕಿಲೋಮೀಟರ್ ಇರುವಾಗ, ಐದು ಗಂಟೆ ದಾಟಿತ್ತು, ರಸ್ತೆಯಲ್ಲಿ ಬಿದ್ದಿದ್ದ ತಗಡಿನ ಚೂರೊಂದು ನನ್ನ ಹಿಂದಿನ ಟೈರನ್ನು ಸೀಳಿತು. ಬರೀ ಪಂಕ್ಚರ್ ಆಗಿದ್ದರೆ ಹತ್ತು ನಿಮಿಷದ ಕೆಲಸ. ಹೊಸ ಟ್ಯೂಬ್ ಹಾಕಿ ಗಾಳಿ ತುಂಬಿದೆ. ಟೈರಿನ ಸೀಳಿನಿಂದ ಟ್ಯೂಬ್ ಗುಳ್ಳೆಯ ಹಾಗೆ ಹೊರಗೆ ಉಬ್ಬಿ ‘ಢಂ’ ಎಂದಿತು. ಟ್ಯೂಬ್ ಎಷ್ಟು ಹಾಕಿದರೂ ಇಷ್ಟೇ. ಸುತ್ತ ಹೊಲ, ಹತ್ತಿರದಲ್ಲಿ ಸೈಕಲ್ ಅಂಗಡಿ ಇಲ್ಲ. ದಾಟಿ ಹೋಗುತ್ತಿದ್ದ ಇಬ್ಬರು ಹುಡುಗರು ನಿಂತು ತಮ್ಮಲ್ಲಿದ್ದ ಒಂದು ಟ್ಯೂಬ್ ಕೊಟ್ಟರು. ಇನ್ನೊಬ್ಬಾಕೆ ಕಡಲೆ ಮಿಠಾಯಿ ಕೊಟ್ಟು, “ತಿನ್ನಿ ಸರ್, ಆಮೇಲೆ ಯೋಚಿಸಿ” ಎಂದರು. ಯಾರಲ್ಲೂ ಹೆಚ್ಚುವರಿ ಟೈರ್ ಇರಲಿಲ್ಲ.

ಅಷ್ಟರಲ್ಲಿ ಮೇಷ್ಟ್ರು ಬಂದರು. ಕೈಗಡಿಯಾರ ನೋಡಿಕೊಂಡರು. ಟೈರ್ ನೋಡಿದರು. ಆ ಹುಡುಗರಿಗೆ, “ನೀವು ಹೊರಡಿ ಮಕ್ಕಳೇ, ನಾನಿದ್ದೀನಿ” ಎಂದರು.

“ಮೇಷ್ಟ್ರೇ, ನೀವೂ ಹೊರಡಿ. ಹೋದ ವರ್ಷದ ಹಾಗೆ ಆಗಬಾರದು. ನಾನು ಬಸ್ಸು ಹತ್ತಿ ಬರ್ತೀನಿ.”

“ಹೋಗಬಹುದಪ್ಪ” ಎನ್ನುತ್ತಲೇ ಅವರು ಸೀಟಿನ ಕೆಳಗಿನ ಚೀಲ ಬಿಚ್ಚಿದರು. “ಆದರೆ ನೀನು ಬಸ್ಸಲ್ಲಿ ಬಂದರೆ ನಾನು ಯಾರನ್ನ ಗೆದ್ದ ಹಾಗಾಯ್ತು?”

ಚೀಲದಿಂದ ಹೊರಬಂದದ್ದು ಖಾಲಿ ಟೂತ್‌ಪೇಸ್ಟ್ ಟ್ಯೂಬಿನ ಒಂದು ತುಂಡು! ಅದನ್ನು ಕತ್ತರಿಸಿ, ತೊಳೆದು, ಮಡಚಿ ಇಟ್ಟುಕೊಂಡಿದ್ದರು. ಅದನ್ನು ಟೈರಿನ ಒಳಗಡೆ, ಸೀಳು ಇದ್ದ ಜಾಗಕ್ಕೆ ಸರಿಯಾಗಿ ಅಂಟುವಂತೆ ಕೂರಿಸಿದರು. ಅದರ ಮೇಲೆ ಟ್ಯೂಬ್, ಟ್ಯೂಬಿನ ಮೇಲೆ ನಾಲ್ಕು ಕೈ. ಪೇಸ್ಟ್ ಟ್ಯೂಬ್ ಬಗ್ಗುತ್ತದೆ, ಆದರೆ ಹಿಗ್ಗುವುದಿಲ್ಲ. ಒಳಗಿನ ಟ್ಯೂಬ್ ಹೊರಗೆ ಉಬ್ಬದಂತೆ ಅದು ಗೋಡೆಯ ಹಾಗೆ ನಿಲ್ಲುತ್ತದೆ. ಗಾಳಿಯನ್ನು ತುಸು ಕಡಿಮೆಯೇ ತುಂಬಿದೆವು. ಎದ್ದು ನಿಂತಾಗ ಐದು ನಲವತ್ತು. ಉಳಿದದ್ದು 36 ಕಿಲೋಮೀಟರ್, ಒಂದು ಗಂಟೆ ಐವತ್ತು ನಿಮಿಷ.

ಕಾಲುಗಳಲ್ಲಿ ಕಸುವಿಲ್ಲದ ಇಬ್ಬರಿಗೆ, ತೇಪೆ ಹಾಕಿದ ಟೈರಿಗೆ, ಆ ಗಾಳಿಯಲ್ಲಿ ಗಂಟೆಗೆ ಇಪ್ಪತ್ತು ಕಿಲೋಮೀಟರ್ ಎಂದರೆ ಸಣ್ಣ ಮಾತಲ್ಲ. “ಎರಡು ನಿಮಿಷ ನೀನು ಮುಂದೆ, ಎರಡು ನಿಮಿಷ ನಾನು. ಯಾರೂ ಹೀರೋ ಆಗೋದು ಬೇಡ” ಎಂದರು ಮೇಷ್ಟ್ರು. ಹಾಗೇ ಹೊರಟೆವು. ಅವರ ಬೆನ್ನು ನನಗೆ, ನನ್ನ ಬೆನ್ನು ಅವರಿಗೆ. ಮಾತಿಲ್ಲ. ನಂಜನಗೂಡಿನಲ್ಲಿ ಕಪಿಲಾ ನದಿ ದಾಟಿದಾಗ ಆರೂ ಇಪ್ಪತ್ತು. ಕಡಕೊಳದ ಹತ್ತಿರ ಕತ್ತಲಾಯಿತು, ದೀಪ ಹಾಕಿದೆವು. ಒಂದು ಕಡೆ ಮೇಷ್ಟ್ರ ಮೀನಖಂಡ ಹಿಡಿದುಕೊಂಡಿತು. “ನಿಲ್ಲಿಸೋಣವೇ?” ಎಂದೆ. ತಲೆ ಅಲ್ಲಾಡಿಸಿದರು. ಆಮೇಲೆ ಸ್ವಲ್ಪ ದೂರ ಅವರಿಗೆ ಸರದಿ ಕೊಡದೆ ನಾನೇ ಗಾಳಿಗೆ ಎದೆಯೊಡ್ಡಿದೆ.

ಮೈಸೂರಿನ ಹೊರವಲಯದ ಹೋಟೆಲಿನ ಮುಂದೆ ಕಾರ್ಡಿಗೆ ಮುದ್ರೆ ಹಾಕುವವರು ಕಾದಿದ್ದರು. ಅದರ ದೀಪ ಕಣ್ಣಿಗೆ ಬಿದ್ದಾಗ ಗಡಿಯಾರದಲ್ಲಿ ಇನ್ನೂ ಏಳು ನಿಮಿಷ ಬಾಕಿ. ಗೆದ್ದೆವು ಎಂದು ನಾನು ಉಸಿರು ಬಿಡುವಷ್ಟರಲ್ಲಿ ಹಿಂದಿನಿಂದ ಕೂಗು ಬಂತು: “ಸಹಾಯ ಮುಗೀತು ಕಣಯ್ಯ, ಈಗ ರೇಸು!” ಮೇಷ್ಟ್ರು ಪೆಡಲ್ ಮೇಲೆ ಎದ್ದು ನಿಂತು ನನ್ನನ್ನು ದಾಟಿ ಹೊರಟೇಬಿಟ್ಟರು. ಮೀನಖಂಡದ ನೋವು ಎಲ್ಲಿ ಹೋಯಿತೋ! ಒಂದು ಸೈಕಲ್ ಉದ್ದದಷ್ಟು ಅಂತರದಲ್ಲಿ ಅವರು ಮುಂದಿದ್ದರು. ಇಬ್ಬರ ಕಾರ್ಡಿನಲ್ಲೂ ಬಿದ್ದದ್ದು ಒಂದೇ ಸಮಯ, 7.24. ಡೈರಿಯಲ್ಲಿ ಮಾತ್ರ ನಕ್ಷತ್ರ ಅವರ ಹೆಸರಿನ ಮುಂದೆಯೇ ಇದೆ.

ದೊಡ್ಡವರ ಓಟದಲ್ಲೂ

ಬರೀ ಹವ್ಯಾಸಕ್ಕೆ ತುಳಿಯುವವರು ಹೀಗೆ, ಹಣ-ಹೆಸರಿಗಾಗಿ ಓಡುವವರು ಹೀಗಿರಲಾರರು ಎನಿಸಬಹುದು. ಜಗತ್ತಿನ ಅತಿ ದೊಡ್ಡ ಸೈಕಲ್ ಓಟವಾದ ಟೂರ್ ದ ಫ್ರಾನ್ಸ್‌ನ ಚರಿತ್ರೆ ನೋಡೋಣ. ಅದು ಶುರುವಾದದ್ದು 1903ರಲ್ಲಿ.

ಆರಂಭದ ವರ್ಷಗಳಲ್ಲಿ ಆ ಓಟದ ನಿಯಮ ಬಲು ಕಠಿಣ. ಸೈಕಲ್ ಕೆಟ್ಟರೆ ಸವಾರನೇ ರಿಪೇರಿ ಮಾಡಿಕೊಳ್ಳಬೇಕು, ಯಾರ ನೆರವೂ ಪಡೆಯುವಂತಿಲ್ಲ. 1913ರಲ್ಲಿ ಗೆಲ್ಲುವ ಭರವಸೆಯಿದ್ದ ಯೂಜೀನ್ ಕ್ರಿಸ್ಟೋಫ್ ಎಂಬಾತನ ಸೈಕಲ್ಲಿನ ಮುಂದಿನ ಫೋರ್ಕ್ ಪಿರನೀಸ್ ಪರ್ವತದ ತೂರ್ಮಾಲೆ ಘಾಟಿಯಲ್ಲಿ ಮುರಿಯಿತು. ಆತ ಸೈಕಲ್ಲನ್ನು ಹೊತ್ತು ಹಲವು ಕಿಲೋಮೀಟರ್ ನಡೆದು ಒಂದು ಹಳ್ಳಿಯ ಕಮ್ಮಾರಸಾಲೆ ತಲುಪಿದ. ಓಟದ ಅಧಿಕಾರಿಗಳು ಕಾವಲು ನಿಂತಿದ್ದಂತೆಯೇ ತಾನೇ ಕಬ್ಬಿಣ ಕಾಯಿಸಿ, ಬಡಿದು, ಫೋರ್ಕ್ ಜೋಡಿಸಿದ. ಎರಡು ಕೈಯೂ ಕೆಲಸದಲ್ಲಿದ್ದುದರಿಂದ ತಿದಿ ಒತ್ತಲು ಒಬ್ಬ ಪುಟ್ಟ ಹುಡುಗ ನೆರವಾದ. ಅಷ್ಟಕ್ಕೇ ಆತನಿಗೆ ದಂಡ ಬಿತ್ತು! ಗಂಟೆಗಟ್ಟಲೆ ಹಿಂದೆ ಬಿದ್ದರೂ ಆತ ಓಟ ಬಿಡಲಿಲ್ಲ. ಆ ವರ್ಷ ಗೆದ್ದವನಿಗಿಂತ ಆ ಕಮ್ಮಾರಸಾಲೆಯ ಕಥೆಯನ್ನೇ ಜನ ಇವತ್ತಿಗೂ ಹೇಳುತ್ತಾರೆ.

1952ರ ಟೂರ್‌ನ ಒಂದು ಫೋಟೊ ಇನ್ನೂ ಪ್ರಸಿದ್ಧ. ಇಟಲಿಯ ಫಾಸ್ಟೊ ಕೊಪ್ಪಿ ಮತ್ತು ಜಿನೊ ಬಾರ್ತಾಲಿ ವರ್ಷಗಟ್ಟಲೆ ಹಣಾಹಣಿ ನಡೆಸಿದವರು. ಇಡೀ ಇಟಲಿಯೇ ಕೊಪ್ಪಿ ಕಡೆಯವರು, ಬಾರ್ತಾಲಿ ಕಡೆಯವರು ಎಂದು ಎರಡು ಪಾಲಾಗಿತ್ತು. ಘಾಟಿ ಹತ್ತುವಾಗ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಒಂದು ಬಾಟಲಿ ದಾಟುತ್ತಿರುವುದು ಆ ಚಿತ್ರದಲ್ಲಿದೆ. ಕೊಟ್ಟವರು ಯಾರು, ಪಡೆದವರು ಯಾರು ಎಂದು ಅಭಿಮಾನಿಗಳು ದಶಕಗಳ ಕಾಲ ಜಗಳವಾಡಿದರು. 

ತೀರಾ ಈಚಿನದು 2022ರದು. ಡೆನ್ಮಾರ್ಕಿನ ಯೋನಸ್ ವಿಂಗೆಗೊ ಒಟ್ಟಾರೆ ಮುನ್ನಡೆಯಲ್ಲಿದ್ದರು. ಅವರನ್ನು ಹಿಡಿಯಲೇಬೇಕಿದ್ದವರು ಹಿಂದಿನ ಎರಡು ವರ್ಷ ಗೆದ್ದಿದ್ದ ಸ್ಲೊವೇನಿಯಾದ ತಾದೆಯ್ ಪೊಗಾಚರ್. ಪಿರನೀಸ್‌ನ ಒಂದು ಇಳಿಜಾರಿನಲ್ಲಿ ಪೊಗಾಚರ್ ಜಾರಿ ಬಿದ್ದರು. ವಿಂಗೆಗೊ ಆ ಗಳಿಗೆಯಲ್ಲೇ ತುಳಿದು ಹೋಗಿದ್ದರೆ ಅಂತರ ಬೆಳೆಯುತ್ತಿತ್ತು. ಅವರು ವೇಗ ತಗ್ಗಿಸಿ ಕಾದರು. ಕಾಲಿನಲ್ಲಿ ರಕ್ತ ಸುರಿಸಿಕೊಂಡು ಪೊಗಾಚರ್ ಬಂದು ಸೇರಿದರು, ಸವಾರಿ ಮಾಡುತ್ತಲೇ ಕೈ ಚಾಚಿದರು. ಇಬ್ಬರೂ ಕೈ ಕುಲುಕಿದರು. ಆಮೇಲೆ ಕೊನೆಯ ಬೆಟ್ಟದಲ್ಲಿ ಮತ್ತೆ ಓಟ ಬಿರುಸಾಯಿತು. ಅಂದಿನ ಹಂತವನ್ನೂ ಆ ವರ್ಷದ ಟೂರ್ ಅನ್ನೂ ವಿಂಗೆಗೊ ಗೆದ್ದರು. ಕಾದದ್ದರಿಂದ ಅವರು ಕಳೆದುಕೊಂಡದ್ದು ಏನೂ ಇಲ್ಲ.

ಸಮವಸ್ತ್ರದ ಸವಾರರು

ಇಷ್ಟೆಲ್ಲ ದೂರದ ಕಥೆ ಹೇಳಿದ ಮೇಲೆ ನಮ್ಮೂರ ದಾರಿಯ ಕಥೆಯನ್ನೂ ಹೇಳಬೇಕು. ಹಳ್ಳಿಯ ರಸ್ತೆಯಲ್ಲಿ ಹೆಲ್ಮೆಟ್ ಹಾಕಿಕೊಂಡು ಗೇರ್ ಸೈಕಲ್‌ನಲ್ಲಿ ಹೋಗುವವರಿಗೆ ಅತಿ ಕಠಿಣ ಎದುರಾಳಿಗಳು ಯಾರು ಗೊತ್ತೇ? ಬೆನ್ನಿಗೆ ಬ್ಯಾಗು, ಕಾಲಿಗೆ ಹವಾಯಿ ಚಪ್ಪಲಿ, ಗೇರ್ ಇಲ್ಲದ ಸೈಕಲ್‌ನಲ್ಲಿ ಹೈಸ್ಕೂಲಿಗೆ ಹೊರಟ ಮಕ್ಕಳು!

ಒಂದು ಬೆಳಿಗ್ಗೆ ವರುಣಾ ನಾಲೆಯ ಕಡೆಯ ದಾರಿಯಲ್ಲಿ ಹೋಗುತ್ತಿದ್ದೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಪಕ್ಕಕ್ಕೆ ಬಂದಳು. ಎರಡು ಜಡೆ, ಶಾಲೆಯಲ್ಲಿ ಕೊಟ್ಟ ಸೈಕಲ್. ನನ್ನ ಸೈಕಲ್ಲನ್ನು ಮೇಲಿಂದ ಕೆಳಗೆ ನೋಡಿ, “ಅಂಕಲ್, ಇಷ್ಟೊಂದು ಗೇರ್ ಇಟ್ಕೊಂಡು ಇಷ್ಟು ನಿಧಾನವಾ?” ಎಂದಳು.

“ಹಾಗಾದ್ರೆ ಅರಳಿಕಟ್ಟೆ ತನಕ ನೋಡೋಣ ಬಾಮ್ಮ” ಎಂದೆ. ಮಾತು ಮುಗಿಯುವ ಮುಂಚೆಯೇ ಅವಳು ಮುಂದಿದ್ದಳು. ದಾರಿ ಖಾಲಿಯಿತ್ತು. ನಾನು ನಿಜವಾಗಿಯೂ ತುಳಿದೆ. ಹ್ಯಾಂಡಲ್ ಮೇಲೆ ಬಗ್ಗಿ, ಜಡೆ ಹಾರಿಸಿಕೊಂಡು ಅವಳು ನನಗಿಂತ ಎರಡು ಸೈಕಲ್ ಮುಂದೆಯೇ ಉಳಿದಳು. ಕಟ್ಟೆಗೆ ಇನ್ನು ನೂರು ಮಾರು ಇದೆ ಎನ್ನುವಾಗ ಹಿಂದಿನಿಂದ “ಏಯ್, ಚೈನು!” ಎಂಬ ಕೂಗು ಕೇಳಿಸಿತು. ಅವಳ ಗೆಳತಿಯ ಸೈಕಲ್ ಚೈನ್ ಕಳಚಿತ್ತು. ಹುಡುಗಿ ಬ್ರೇಕ್ ಹಿಡಿದಳು, ಸೈಕಲ್ ತಿರುಗಿಸಿದಳು, ನನ್ನ ಎದುರಿಗೇ ಹಿಂದಕ್ಕೆ ಹೊರಟಳು. ಗೆಲುವು ಅಲ್ಲೇ ಕಟ್ಟೆಯ ಹತ್ತಿರ ಬಿದ್ದಿತ್ತು, ಅವಳಿಗೆ ಅದರ ಲಕ್ಷ್ಯವೇ ಇರಲಿಲ್ಲ.

ನಾನೂ ತಿರುಗಿಸಿದೆ. ನನ್ನ ಚೀಲದಲ್ಲಿದ್ದ ಉಪಕರಣಗಳನ್ನು ತೆಗೆಯುವಷ್ಟರಲ್ಲಿ ಅವಳು ಬೇಲಿಯಿಂದ ಒಂದು ಕಡ್ಡಿ ಮುರಿದು, ಚೈನನ್ನು ಎತ್ತಿ ಹಲ್ಲಿನ ಮೇಲೆ ಕೂರಿಸಿ, ಪೆಡಲನ್ನು ಒಂದು ಸುತ್ತು ತಿರುಗಿಸಿಯಾಗಿತ್ತು. ಕೈಗೆ ಮಸಿಯೂ ಅಂಟಿರಲಿಲ್ಲ. ಚೈನ್ ತೀರಾ ಸಡಿಲವಾಗಿತ್ತು. ಹಿಂದಿನ ಚಕ್ರದ ನಟ್ಟು ಸಡಿಲಿಸಿ, ಚಕ್ರವನ್ನು ತುಸು ಹಿಂದಕ್ಕೆ ಎಳೆದು ಬಿಗಿಮಾಡುವ ಕೆಲಸವನ್ನಷ್ಟೇ ನಾನು ಮಾಡಿದೆ.

“ನೀನು ಗೆಲ್ತಿದ್ದೆಯಲ್ಲಮ್ಮ, ಕಟ್ಟೆ ಮುಟ್ಟಿ ಬರಬಹುದಿತ್ತಲ್ಲ?” ಎಂದು ಕೇಳಿದೆ.

“ಇವತ್ತು ನಮಗೆ ಗಣಿತ ಟೆಸ್ಟು ಅಂಕಲ್. ಇವಳು ನಡ್ಕೊಂಡು ಬಂದ್ರೆ ಅರ್ಧ ಪೇಪರ್ ಮುಗಿದೇ ಹೋಗಿರತ್ತೆ” ಎಂದಳು. ಗೆಳತಿ ಪಕ್ಕದಿಂದ, “ಟೆಸ್ಟಲ್ಲಿ ನನಗಿಂತ ಒಂದು ಮಾರ್ಕ್ ಜಾಸ್ತಿ ತಗೋಳೋದೂ ಇವಳೇ” ಎಂದು ಮೂತಿ ಸೊಟ್ಟ ಮಾಡಿದಳು. ಇಬ್ಬರೂ ನಗುತ್ತಾ ಹೊರಟುಹೋದರು.

ನಮ್ಮ ರಾಜ್ಯದಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರುವಾದದ್ದು 2006-07ರಲ್ಲಿ. ನಾಲ್ಕೈದು ಕಿಲೋಮೀಟರ್ ದೂರದ ಹೈಸ್ಕೂಲನ್ನು ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳಿಗೆ ಹತ್ತಿರ ಮಾಡಿದ್ದು ಆ ಎರಡು ಚಕ್ರಗಳೇ. ನನಗೆ ಪಂಕ್ಚರ್ ಆದರೆ ಒಂದು ಪದಕ ತಪ್ಪಬಹುದು. ಆ ದಾರಿಯಲ್ಲಿ ಒಂದು ಚೈನ್ ಕಳಚಿದರೆ ಒಂದು ಪರೀಕ್ಷೆ ತಪ್ಪುತ್ತದೆ, ಟೈರ್ ಹೋಗಿ ವಾರಗಟ್ಟಲೆ ಸೈಕಲ್ ಮೂಲೆ ಸೇರಿದರೆ ಶಾಲೆಯೇ ದೂರವಾಗುತ್ತದೆ. ಅಂದಿನಿಂದ ಆ ದಾರಿಯಲ್ಲಿ ಹೋಗುವಾಗ ನನ್ನ ಚೀಲದಲ್ಲಿ ಅವರ ಸೈಕಲ್ಲಿನ ಅಳತೆಯ ಟ್ಯೂಬೂ ಒಂದಿರುತ್ತದೆ. ಈವರೆಗೆ ನಾಲ್ಕು ಖರ್ಚಾಗಿವೆ.

ನೆನಪಿಡಿ, ಪುಟಾಣಿ ಸವಾರರೇ

ಪೈಪೋಟಿಗೂ ಒಂದು ರೀತಿ ಇದೆ. ವಾಹನ ಓಡಾಡುವ ರಸ್ತೆಯಲ್ಲಿ ರೇಸ್ ಬೇಡವೇ ಬೇಡ. ಮೈದಾನ, ಖಾಲಿ ದಾರಿ, ಬೆಟ್ಟದ ಏರು ಅದಕ್ಕೆ ಸರಿ. ಇಳಿಜಾರಿನಲ್ಲಿ ಯಾರೂ ಯಾರನ್ನೂ ಸೋಲಿಸಬೇಕಾಗಿಲ್ಲ. ಮುಂದಿನವರ ಹಿಂಚಕ್ರದ ಪಕ್ಕಕ್ಕೆ ನಿಮ್ಮ ಮುಂಚಕ್ರವನ್ನು ತೂರಿಸಬೇಡಿ. ಅವರು ಸ್ವಲ್ಪ ಸರಿದರೂ ಬೀಳುವವರು ನೀವೇ. ಟ್ರ್ಯಾಕ್ಟರ್, ಲಾರಿಗಳ ಹಿಂದೆ ಅಂಟಿಕೊಂಡು ಹೋಗುವುದು, ಅವನ್ನು ಹಿಡಿದುಕೊಂಡು ಹೋಗುವುದು ಪ್ರಾಣಕ್ಕೇ ಅಪಾಯ. ಹೆಲ್ಮೆಟ್ ಇರಲಿ, ಸಂಜೆಗೆ ದೀಪ ಇರಲಿ.

ಚೀಲದಲ್ಲಿ ಇಷ್ಟು ಇಟ್ಟುಕೊಳ್ಳಿ:

• ಒಂದು ಹೆಚ್ಚುವರಿ ಟ್ಯೂಬ್, ಪುಟ್ಟ ಪಂಪು, ಟೈರ್ ಬಿಡಿಸುವ ಎರಡು ಲಿವರ್.

• ಪ್ಯಾಚ್, ಸಲ್ಯೂಷನ್, ಉಜ್ಜಲು ಮರಳು ಕಾಗದದ ತುಂಡು.

• ನಿಮ್ಮ ಸೈಕಲ್ಲಿನ ನಟ್ಟಿಗೆ ಹೊಂದುವ ಸ್ಪ್ಯಾನರ್ ಅಥವಾ ಅಲೆನ್ ಕೀ.

• ತೊಳೆದು ಒಣಗಿಸಿದ ಟೂತ್‌ಪೇಸ್ಟ್ ಟ್ಯೂಬಿನ ತುಂಡು.

• ನೀರು, ಎರಡು ಕಡಲೆ ಮಿಠಾಯಿ. ಒಂದು ನಿಮಗೆ, ಇನ್ನೊಂದು ದಾರಿಯಲ್ಲಿ ಸಿಗುವವರಿಗೆ.

ಪಂಕ್ಚರ್ ಆದಾಗ ಅವಸರದಲ್ಲಿ ಹೊಸ ಟ್ಯೂಬ್ ತುರುಕಬೇಡಿ. ಮೊದಲು ಟೈರಿನ ಒಳಗೆ ಬೆರಳನ್ನು ನಿಧಾನವಾಗಿ, ಹುಷಾರಾಗಿ ಆಡಿಸಿ. ಚುಚ್ಚಿದ ಜಾಲಿ ಮುಳ್ಳು ಅಲ್ಲೇ ಕೂತಿರುತ್ತದೆ. ಅದನ್ನು ತೆಗೆಯದಿದ್ದರೆ ಹೊಸ ಟ್ಯೂಬಿಗೂ ಅದೇ ಗತಿ.

ಟೈರ್ ಬಿಚ್ಚಿ ಹಾಕುವುದನ್ನು ಮನೆಯ ಅಂಗಳದಲ್ಲೇ ಒಂದೆರಡು ಸಲ ಅಭ್ಯಾಸ ಮಾಡಿ. ಅಪ್ಪ, ಅಮ್ಮ, ಅಜ್ಜ, ಯಾರು ಬಿಡುವಾಗಿದ್ದರೂ ಜೊತೆಗೆ ಕೂರಿಸಿಕೊಳ್ಳಿ. ಯಾರು ಬೇಗ ಬಿಚ್ಚಿ ಹಾಕುತ್ತಾರೆಂದು ಗಡಿಯಾರ ಹಿಡಿದು ಪಂದ್ಯವನ್ನೂ ಇಡಬಹುದು. ಅಜ್ಜ ಗೆದ್ದರೆ ಆಶ್ಚರ್ಯಪಡಬೇಡಿ. ಅವರ ಕಾಲದಲ್ಲಿ ಗಂಟೆಗಿಷ್ಟು ಎಂದು ಬಾಡಿಗೆ ಸೈಕಲ್ ತಂದು, ಒಳಪೆಡಲ್ ಹೊಡೆದು, ಬಿದ್ದು, ಚೈನ್ ಹಾಕಿಕೊಂಡು, ಗಂಟೆ ಮುಗಿಯುವ ಮುಂಚೆ ಅಂಗಡಿಗೆ ಮರಳಿಸಿ ಕಲಿತವರು ಅವರು.